ಅಜ್ಜಯ್ಯ ಹೊರಗೆ ಹೋದರೆ ನೆಟ್ಟೂ ಹೋಗುತ್ತಿತ್ತು

ಅಜ್ಜಂಪುರದ ಹೇಮಾವತಿಗೆ ಈಗ ನಲವತ್ತಾರು ವರ್ಷ. ಮದುವೆಗೆ ಮುಂಚೆ ತರೀಕೆರೆ ಬಸ್‌ಸ್ಟ್ಯಾಂಡಿನ ಎದುರು ಅವಳ ಚಿಕ್ಕಪ್ಪನದೊಂದು ಎಸ್.ಟಿ.ಡಿ. ಬೂತು ಇತ್ತು. ಪಿ.ಯು.ಸಿ. ಮುಗಿಸಿದವಳು ನಾಲ್ಕು ವರ್ಷ ಆ ಗಾಜಿನ ಗೂಡಿನಲ್ಲೇ ಕೂತು ಕಳೆದಳು. ಯಾವ ಊರಿಗೆ ಯಾವ ಹೊತ್ತಿನಲ್ಲಿ ಲೈನು ಸಿಗುತ್ತದೆ, ಯಾರ ಕರೆ ಎಷ್ಟು ಸಲ ಕಟ್ಟಾಯಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಚಿಕ್ಕಪ್ಪ ಬರೆ ಅಂದಿರಲಿಲ್ಲ. ಬರೆಯದಿದ್ದರೆ ಅವಳಿಗೆ ಸಮಾಧಾನವಿರುತ್ತಿರಲಿಲ್ಲ, ಅಷ್ಟೇ.

ಮದುವೆಯಾಗಿ ಅಜ್ಜಂಪುರಕ್ಕೆ ಬಂದಳು. ಗಂಡ ರಘುನಾಥ್‌ಗೆ ಒಂದು ಲಗೇಜ್ ಆಟೊ; ಈರುಳ್ಳಿ, ತೆಂಗಿನಕಾಯಿ, ಮದುವೆ ಮನೆಯ ಕುರ್ಚಿ, ಏನು ಸಿಕ್ಕರೂ ಹೇರಿಕೊಂಡು ಕಡೂರು ತರೀಕೆರೆ ಅಂತ ಓಡಾಡುತ್ತಾನೆ. ಮನೆಯಲ್ಲಿ ಮಾವ ಅಜ್ಜಯ್ಯ, ಅತ್ತೆ ಕಾಂತಮ್ಮ. ಮಗಳು ಧನ್ಯಶ್ರೀ ಓದಲು ಶಿವಮೊಗ್ಗದ ಹಾಸ್ಟೆಲ್ಲಿಗೆ ಹೋದ ಮೇಲೆ ಅವಳಿಗೆಂದು ಕೊಂಡಿದ್ದ ಕಂಪ್ಯೂಟರು ಹಳೇ ಸೀರೆಯ ತುಂಡು ಹೊದ್ದುಕೊಂಡು ಮೂಲೆಯಲ್ಲಿ ಕೂತಿತ್ತು. ಒಂದು ದಿನ ಹೇಮಾವತಿ ಆ ಬಟ್ಟೆ ತೆಗೆದಳು. ಆರು ತಿಂಗಳಲ್ಲಿ ಕೀಲಿಮಣೆ ನೋಡದೆ ಕನ್ನಡ ಟೈಪು ಮಾಡುವಷ್ಟಾದಳು. ವರ್ಷದೊಳಗೆ ಶಿವಮೊಗ್ಗದ ಒಂದು ಆಫೀಸಿನ ಕೆಲಸ ಸಿಕ್ಕಿತು. ಭಾಷಣ, ಸಭೆ, ಸಂದರ್ಶನ, ಹೀಗೆ ಯಾರ್ಯಾರೋ ಮಾತಾಡಿದ ಧ್ವನಿಯನ್ನು ಅವರು ಕಳಿಸುತ್ತಾರೆ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೇಳುತ್ತಾ ಕೇಳುತ್ತಾ ಅವರದೇ ಪುಟದಲ್ಲಿ ಟೈಪು ಮಾಡಬೇಕು. ಬೇರೆ ಕಡೆ ಟೈಪು ಮಾಡಿ ಅಂಟಿಸುವ ಹಾಗಿಲ್ಲ. ನಡುವೆ ನೆಟ್ಟು ಹೋದರೆ ಪುಟ ಮುಚ್ಚಿಕೊಳ್ಳುತ್ತದೆ, ಮಾಡಿದ್ದೆಲ್ಲ ಅಳಿಸಿಹೋಗುತ್ತದೆ.

ಎರಡು ವರ್ಷ ಎಲ್ಲ ಸರಿಯಿತ್ತು. ಹೋದ ನವೆಂಬರಿನಲ್ಲಿ ಬೀದಿಗೆ ಹೊಸ ಲೈನು ಎಳೆದರು. ಹಳೇ ತಾಮ್ರದ ತಂತಿ ಹೋಗಿ ಸಣ್ಣ ಕರೀ ವೈರು ಬಂತು, ಗೋಡೆಗೆ ಒಂದು ಬಿಳೀ ಡಬ್ಬಿ ಬಂತು. “ಇನ್ಮೇಲೆ ನೆಟ್ ಗುಂಡು ಹೊಡ್ದಂಗೆ ಓಡುತ್ತೆ ಅಕ್ಕ” ಎಂದು ವೈರು ಎಳೆದವನು ಹೇಳಿ ಹೋದ. ಓಡುವಾಗ ಅದು ಹಾಗೇ ಓಡುತ್ತಿತ್ತು. ಆದರೆ ಇದ್ದಕ್ಕಿದ್ದ ಹಾಗೆ ನಿಲ್ಲುತ್ತಿತ್ತು.

ಮೊದಲ ಸಲ ನಿಂತಾಗ ಹೇಮಾವತಿ ಈರುಳ್ಳಿ ಬೆಳೆಗಾರರ ಸಭೆಯೊಂದರ ಭಾಷಣ ಟೈಪು ಮಾಡುತ್ತಿದ್ದಳು. ಮಾತಾಡುವವರು ನಲವತ್ತು ನಿಮಿಷ ಪೀಠಿಕೆ ಹಾಕಿ, ಕೆಮ್ಮಿ, ನೀರು ಕುಡಿದು, “ಕೊಳೆ ರೋಗಕ್ಕೆ ಮುಖ್ಯವಾದ ಪರಿಹಾರ ಏನಪ್ಪಾ ಅಂತಂದ್ರೆ” ಎನ್ನುವಷ್ಟರಲ್ಲಿ ಪುಟ ಮುಚ್ಚಿತು. ಮತ್ತೆ ಮೊದಲಿಂದ ಶುರು. ಎರಡನೆಯ ಸಲ ಪೀಠಿಕೆಯಲ್ಲೇ ಹೋಯಿತು. ಮೂರನೆಯ ಸಲ ಕೆಮ್ಮುವ ಹೊತ್ತಿಗೆ ಹೋಯಿತು. ಕೊನೆಗೆ ಆ ಧ್ವನಿಯನ್ನು ಆಫೀಸಿನವರು ಬೇರೆ ಯಾರಿಗೋ ಕೊಟ್ಟರು.

ನೆಟ್ಟು ಹೋದಾಗಲೆಲ್ಲ ಅವಳು ಹೆಡ್‌ಫೋನು ಕಿತ್ತೆಸೆದು, “ಅಯ್ಯೋ, ಮತ್ತೆ ಹೋಯ್ತಲ್ಲಪ್ಪಾ!” ಎಂದು ಮನೆಯೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು. ಆಮೇಲೆ ಒಳಕೋಣೆಗೆ ಓಡಿ, ಬೀರುವಿನ ಪಕ್ಕದ ಗೋಡೆಯಲ್ಲಿದ್ದ ಡಬ್ಬಿಯ ಸ್ವಿಚ್ಚು ಆರಿಸಿ, ಹತ್ತು ಎಣಿಸಿ ಹಾಕುತ್ತಿದ್ದಳು. ಅಷ್ಟರಲ್ಲಿ ಅತ್ತೆ ಕಾಂತಮ್ಮ ಹಿತ್ತಲಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು “ಏನಮ್ಮ, ಕೂಗ್ದೆ?” ಎನ್ನುತ್ತಿದ್ದರು. ಡಬ್ಬಿ ಎರಡು ಮೂರು ನಿಮಿಷ ಮಿಣಮಿಣ ಅಂದು ಹಸಿರಾಗುತ್ತಿತ್ತು. ನೆಟ್ಟು ಬರುತ್ತಿತ್ತು.

ಇದನ್ನು ಮೂರು ನಾಲ್ಕು ಸಲ ನೋಡಿದ ರಘುನಾಥ್, “ಅಮ್ಮನ ಕಾಲ್ಗುಣ ಕಣೇ. ಅಮ್ಮ ಒಳಗ್ ಬಂದ್ರೆ ನೆಟ್ಟೂ ಬತ್ತದೆ” ಎಂದು ನಗಾಡಿದ.

ಕಾಂತಮ್ಮ ಮಾತ್ರ ನಗಲಿಲ್ಲ. “ನಂಗ್ಯಾಕಪ್ಪ ಇವೆಲ್ಲ, ನಾನು ಸೊಪ್ಪಿಗೆ ನೀರ್ ಹಾಕ್ತಿದ್ದೆ” ಎಂದು ಅಡುಗೆಮನೆಗೆ ಹೋಗಿಬಿಟ್ಟರು.

ರಿಪೇರಿಯ ಮೊದಲನೆಯ ಹೊಣೆ ರಘುನಾಥನೇ ಹೊತ್ತುಕೊಂಡ. ತೊಂದರೆ ಕಂಪ್ಯೂಟರಿನದೇ ಎಂದು ಅವನ ತೀರ್ಮಾನ. ಕಡೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಪರಮೇಶ್ ಅವನ ಸ್ನೇಹಿತ. ಆಟೊದಲ್ಲಿ ಈರುಳ್ಳಿ ಚೀಲಗಳ ನಡುವೆ ಕಂಪ್ಯೂಟರಿನ ಪೆಟ್ಟಿಗೆಯನ್ನು ದುಪ್ಪಟಿಯಲ್ಲಿ ಸುತ್ತಿ ಕೂರಿಸಿ ಕಡೂರಿಗೆ ಒಯ್ದ. ಪರಮೇಶ್ ಮುಚ್ಚಳ ಬಿಚ್ಚಿ ಬ್ರಷ್ಷಿನಲ್ಲಿ ಧೂಳು ಹೊಡೆದ. ಸುಮ್ಮನಿದ್ದಾಗ ನೆಟ್ಟಿನ ಕಾರ್ಡು ನಿದ್ದೆ ಹೋಗದಿರಲಿ ಎಂದು ಅದರ ಪವರ್ ಉಳಿತಾಯ ತೆಗೆದ. ಬಳಿಕ “ಯಾತಕ್ಕೂ ಇರ್ಲಿ” ಎಂದು ವಿಂಡೋಸನ್ನೇ ಹೊಸದಾಗಿ ಹಾಕಿದ. ಎರಡು ದಿನಕ್ಕೆ ಪೆಟ್ಟಿಗೆ ಈರುಳ್ಳಿ ವಾಸನೆ ಹೊತ್ತು ವಾಪಸು ಬಂತು. ಹೇಮಾವತಿಯ ಕನ್ನಡ ಕೀಲಿಮಣೆ ಮಾಯವಾಗಿತ್ತು, ಇಸ್ಪೀಟಿನ ಆಟ ಮಾತ್ರ ಹೊಸದಾಗಿ ಬಂದು ಕೂತಿತ್ತು. ಕೀಲಿಮಣೆ ಮತ್ತೆ ಹೊಂದಿಸಿಕೊಂಡು ಕೆಲಸಕ್ಕೆ ಕೂತು ಅರ್ಧ ಗಂಟೆಯಾಗಿರಲಿಲ್ಲ, ನೆಟ್ಟು ಹೋಯಿತು.

“ಪರಮೇಶಂಗೆ ಫೋನ್ ಮಾಡ್ಲಾ?” ಎಂದ ರಘುನಾಥ್.

“ಬ್ಯಾಡ. ಅವರು ಈ ಸಲ ನನ್ನೇ ಬಿಚ್ಚಿ ಧೂಳ್ ಹೊಡೀತಾರೆ” ಎಂದಳು ಹೇಮಾವತಿ.

ಆಮೇಲೆ ತರೀಕೆರೆಯಿಂದ ಲೈನಿನ ಓಂಕಾರೇಶ್ ಬಂದ. ಮೂವತ್ತು ದಾಟಿದ, ತುಂಬ ಸಾವಧಾನದ ಮನುಷ್ಯ. ಲಿಂಗದಹಳ್ಳಿಯಿಂದ ಅಜ್ಜಂಪುರದ ತನಕ ಯಾರ ಮನೆಯ ನೆಟ್ಟು ನಿಂತರೂ ಅವನೇ ಬೈಕಿನಲ್ಲಿ ಬರಬೇಕು. ಅವನು ಬಂದಾಗಲೆಲ್ಲ ನೆಟ್ಟು ಚೆನ್ನಾಗಿಯೇ ಇರುತ್ತಿತ್ತು. ಮೊದಲ ಸಲ ಡಬ್ಬಿಯಿಂದ ಕಂಪ್ಯೂಟರಿಗೆ ಹೋಗುವ ವೈರು ಬದಲಾಯಿಸಿದ. ಎರಡನೆಯ ಸಲ ಡಬ್ಬಿಗೆ ಕರೆಂಟು ಕೊಡುವ ಅಡಾಪ್ಟರ್ ಬದಲಾಯಿಸಿದ. ಮೂರನೆಯ ಸಲ ಬದಲಾಯಿಸಲು ಏನೂ ಉಳಿದಿರಲಿಲ್ಲ, ಕೂತು ಕಾಫಿ ಕುಡಿದ.

“ಅಕ್ಕ, ಒಂದ್ ಕೆಲ್ಸ ಮಾಡಿ. ನೆಟ್ ಹೋದ ತಕ್ಷಣ ಸ್ವಿಚ್ ಆರಿಸ್ಬೇಡಿ. ಡಬ್ಬಿ ದೀಪ ನೋಡಿ. ಈ ಮೂರನೇ ದೀಪ ಕೆಂಪಗೆ ಮಿನುಗ್ತಿದ್ರೆ ತೊಂದ್ರೆ ಮನೆಯೊಳಗಿಂದಲ್ಲ. ಈ ಕರೀ ವೈರೊಳಗೆ ಇರೋದು ಗಾಜಿನ ಎಳೆ. ಅದರೊಳಗೆ ಬೆಳಕು ಓಡ್ತಾ ಇರುತ್ತೆ. ಎಲ್ಲೋ ಕಟ್ಟಾದ್ರೆ, ಇಲ್ಲ ತೀರಾ ಮಡಚಿದ್ರೆ, ಬೆಳಕು ಇಲ್ಲೀತನಕ ಬರಲ್ಲ.”

“ಕಟ್ಟಾಗಿದ್ರೆ ತಾನಾಗೇ ಹೆಂಗ್ ಬರುತ್ತೆ ಓಂಕಾರೇಶ್?”

“ಅದೇ ನಂಗೂ ಗೊತ್ತಾಗ್ತಿಲ್ಲ” ಎಂದು ಅವನು ಲೋಟ ಕೆಳಗಿಟ್ಟ. “ಅಳಿಲು ಕಚ್ಚಿದ್ರೂ ವಾಪಸ್ ಅಂಟಿಸಿ ಹೋಗಲ್ಲ. ಯಾವಾಗ ಹೋಗುತ್ತೆ, ಆವಾಗ ಮನೇಲಿ ಏನೇನ್ ನಡೀತಿರುತ್ತೆ, ಬರೆದಿಡಿ.”

ಬರೆದಿಡಿ ಎಂದದ್ದೇ ಸಾಕಾಯಿತು. ಅವತ್ತೇ ಸಂಜೆ ಹೇಮಾವತಿ ನೂರು ಪುಟದ ನೋಟ್‌ಬುಕ್ಕಿಗೆ ಸ್ಕೇಲಿನಲ್ಲಿ ಗೆರೆ ಎಳೆದಳು. ಹೋದ ಹೊತ್ತು, ಬಂದ ಹೊತ್ತು, ದೀಪ, ಮಿಕ್ಸಿ, ಮೋಟಾರು, ಟಿ.ವಿ., ಮೋಡ, ಗಾಳಿ. ಕೊನೆಯ ಖಾನೆಗೆ ಏನು ಹಾಕುವುದೆಂದು ತೋಚದೆ “ಮನೆಯಲ್ಲಿ ಯಾರು” ಎಂದು ಬರೆದಳು.

ಇತ್ತ ಅಜ್ಜಯ್ಯ ತಮ್ಮದೇ ಆದ ತನಿಖೆಯಲ್ಲಿದ್ದರು. ಅವರಿಗೆ ಎಪ್ಪತ್ತಾರು. ಕಾರಣ ಮೊದಲ ದಿನವೇ ಅವರಿಗೆ ಹೊಳೆದಿತ್ತು: ಪಕ್ಕದ ಮನೆಯ ಸಿದ್ದಪ್ಪ.

ಸಿದ್ದಪ್ಪನವರಿಗೂ ಅಜ್ಜಯ್ಯನವರಿಗೂ ಹನ್ನೊಂದು ವರ್ಷದಿಂದ ಮಾತಿಲ್ಲ. ಎರಡು ಹಿತ್ತಲುಗಳ ನಡುವೆ ಒಂದು ತೆಂಗಿನ ಮರವಿತ್ತು. ಬುಡ ಅಜ್ಜಯ್ಯನವರ ಕಡೆ, ತಲೆ ಸಿದ್ದಪ್ಪನವರ ಕಡೆ. ಬಿದ್ದ ಕಾಯಿ ಯಾರದ್ದು ಎಂದು ಶುರುವಾದದ್ದು ಸರ್ವೆಯವರನ್ನು ಕರೆಸುವ ತನಕ ಹೋಯಿತು. ಸರ್ವೆಯವರು ಅಳೆದು ನೋಡಿ, ಗಡಿ ಗೆರೆ ಸರಿಯಾಗಿ ಮರದ ನಡುಮಧ್ಯೆ ಹೋಗುತ್ತದೆ ಎಂದು ಬರೆದುಕೊಟ್ಟು ಬಸ್ಸು ಹತ್ತಿದರು. ಇಬ್ಬರೂ ಸೇರಿ ಗಡಿಯ ಮೇಲೆ ಗೋಡೆ ಎಬ್ಬಿಸಿದರು. ಇಬ್ಬರೂ ಹೆಂಡತಿಯರಿಗೆ “ಆ ಮನೆಯೋರ ಜತೆ ಒಂದು ಮಾತಾಡಿದ್ರೂ ನೋಡು” ಎಂದು ಕಟ್ಟಪ್ಪಣೆ ಮಾಡಿದರು. ಗೋಡೆ ಎದ್ದ ಎರಡೇ ವರ್ಷಕ್ಕೆ ಮರ ರೋಗ ಬಂದು ಒಣಗಿಹೋಯಿತು. ಜಗಳ ಮಾತ್ರ ಹಸಿರಾಗಿಯೇ ಇತ್ತು.

“ಅವನು ಬೋರ್ ಮೋಟಾರ್ ಹಾಕ್ದಾಗ ನಮ್ ನೆಟ್ ಎಳ್ಕೊಳ್ತಾನೆ” ಎಂದರು ಅಜ್ಜಯ್ಯ.

“ನೆಟ್ ಮೋಟಾರಿಗೆ ಹೋಗಲ್ಲ ಮಾವ.”

“ನಿಂಗ್ ಗೊತ್ತಿಲ್ಲ ಕಣಮ್ಮ ಅವನ್ ಬುದ್ಧಿ.”

ಒಂದು ಬುಧವಾರ ಅವರು ಬೆಳಗ್ಗೆ ಕುರ್ಚಿ ತಂದು ಹಿತ್ತಲ ಬಾಗಿಲ ಹತ್ತಿರ ಹಾಕಿಕೊಂಡು, ಕೋಲು ತೊಡೆಯ ಮೇಲಿಟ್ಟು ಸಂಜೆಯ ತನಕ ಕಾದರು. ಊಟವೂ ಅಲ್ಲೇ. ಅವತ್ತು ನೆಟ್ಟು ಒಂದು ಸಲವೂ ಹೋಗಲಿಲ್ಲ. ಕಾಂತಮ್ಮ ಮಾತ್ರ ದಿನವಿಡೀ ಪಾತ್ರೆಗಳನ್ನು ಕುಕ್ಕುತ್ತಿದ್ದರು.

“ನೋಡ್ದಾ? ಆಳು ಕೂತಿದಾನೆ ಅಂತ ಗೊತ್ತಾಗಿ ಬಾಲ ಮುದುರ್ಕೊಂಡ” ಎಂದು ಅಜ್ಜಯ್ಯ ಮೀಸೆ ತಿರುವಿದರು. ಮರುದಿನ ಅವರು ಕ್ಷೌರಕ್ಕೆ ಹೋದ ಕಾಲು ಗಂಟೆಗೆ ನೆಟ್ಟು ಹೋಯಿತು. ಅವರ ಪ್ರಕಾರ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ. ಹೇಮಾವತಿಯ ಎದುರು ಕೂತು, ಪೊಲೀಸ್ ಠಾಣೆಗೆ ಅರ್ಜಿ ಟೈಪು ಮಾಡು ಎಂದರು. ಅವಳು ಆಗಲ್ಲ ಎಂದದ್ದಕ್ಕೆ ತಾವೇ ಕೈಯಲ್ಲಿ ಬರೆದರು: ‘ನನ್ನ ಹಿತ್ತಲಿಗೆ ಹೊಂದಿಕೊಂಡ ಖಾತೆದಾರನಾದ ಸಿದ್ದಪ್ಪ ಎಂಬುವನು ಹಳೇ ದ್ವೇಷದಿಂದ ನಮ್ಮ ಮನೆಯ ಇಂಟರ್ನೆಟ್ಟನ್ನು ಹಗಲು ಹೊತ್ತಿನಲ್ಲೇ ಹಿಡಿದು ನಿಲ್ಲಿಸುತ್ತಿದ್ದು, ಕೇಳಲು ಹೋದರೆ ಮಾತಾಡುವುದಿಲ್ಲ.’

“ನೀವೇ ಮಾತಾಡಲ್ವಲ್ಲ ಮಾವ.”

“ಅದು ಬ್ಯಾರೆ” ಎಂದರು ಅಜ್ಜಯ್ಯ. ಸೋಮವಾರ ಒಳ್ಳೆ ದಿನ, ಆವತ್ತೇ ಕೊಡುವುದೆಂದು ಅರ್ಜಿಯನ್ನು ಮಡಚಿ ಪಂಚಾಂಗದ ನಡುವೆ ಇಟ್ಟರು.

ಅದೇ ಗುರುವಾರ ಶಿವಮೊಗ್ಗದ ಆಫೀಸಿನಿಂದ ಅಶ್ವಿನಿಯ ಫೋನು ಬಂತು. ಕೆಲಸ ಹಂಚುವವಳು ಅವಳೇ. ವಯಸ್ಸು ಚಿಕ್ಕದು, ಮಾತು ಮೆತ್ತಗೆ. “ಅಕ್ಕ, ಈ ವಾರ ನಿಮ್ಮ ಆರು ಫೈಲು ಅರ್ಧಕ್ಕೇ ನಿಂತಿವೆ. ನಿಮ್ಮಷ್ಟು ತಪ್ಪಿಲ್ಲದೆ ಮಾಡೋರು ನಮ್ಮಲ್ಲಿ ಇಲ್ಲ. ಆದ್ರೆ ಮೇಲಿನೋರು ಪಟ್ಟಿಯಿಂದ ನಿಮ್ಮ ಹೆಸರು ತೆಗೀರಿ ಅಂತಿದಾರೆ. ಮುಂದಿನ ವಾರದೊಳಗೆ ಸರಿ ಮಾಡ್ಕೊಳ್ತೀರಾ?”

ಮಾಡ್ಕೊಳ್ತೀನಿ ಎಂದಳು ಹೇಮಾವತಿ. ಇಪ್ಪತ್ತು ವರ್ಷ ಈ ಮನೆಯಲ್ಲಿ ಸಾರು ಚೆನ್ನಾಗಿದೆ ಎಂದು ಯಾರಾದರೂ ಹೇಳಿದ್ದುಂಟು, ತಪ್ಪಿಲ್ಲದೆ ಮಾಡುತ್ತೀಯ ಎಂದು ಯಾರೂ ಹೇಳಿರಲಿಲ್ಲ. ಆ ಮಾತು ಹೇಳಿದ ಬಾಯಲ್ಲೇ ಹೆಸರು ತೆಗೆಯುವ ಮಾತೂ ಬಂದದ್ದು ಅವಳಿಗೆ ತಡೆಯಲಾಗಲಿಲ್ಲ. ಮೂಗು ಸೀಟಿ, ಮುಖ ತೊಳೆದು, ನೋಟ್‌ಬುಕ್ಕು ತೆಗೆದಳು.

ಇಪ್ಪತ್ತಮೂರು ಸಲ ಹೋಗಿತ್ತು. ಇಪ್ಪತ್ತಮೂರು ಸಲವೂ ಕೆಂಪು ದೀಪ. ಮಿಕ್ಸಿಗೂ ಅದಕ್ಕೂ ಸಂಬಂಧವಿಲ್ಲ, ಮೋಟಾರಿಗೂ ಇಲ್ಲ. ಗಾಳಿಯಿದ್ದ ದಿನ ಸರಿಯಿತ್ತು, ಎಲೆ ಅಲುಗದ ದಿನ ಹೋಗಿತ್ತು. ಭಾನುವಾರ ಒಂದು ಸಲವೂ ಇಲ್ಲ. ಬೆರಳಿಟ್ಟುಕೊಂಡು ಕೊನೆಯ ಖಾನೆಗೆ ಬಂದವಳು ಅಲ್ಲೇ ನಿಂತಳು. ಮೇಲಿಂದ ಕೆಳತನಕ ಒಂದೇ ಥರ: ‘ನಾನು, ಅತ್ತೆ.’ ‘ನಾನು, ಅತ್ತೆ.’ ‘ನಾನು, ಅತ್ತೆ.’

ಅಜ್ಜಯ್ಯ ಮನೆಯಲ್ಲಿದ್ದಾಗ ಒಂದು ಸಲವೂ ನೆಟ್ಟು ಹೋಗಿರಲಿಲ್ಲ. ಅವರು ಪೇಪರು ಓದಲು ಟೀ ಅಂಗಡಿಗೆ ಹೋದಾಗ, ಸೊಸೈಟಿಗೆ ಹೋದಾಗ, ಕ್ಷೌರಕ್ಕೆ ಹೋದಾಗ ಹೋಗಿತ್ತು.

ಅವಳು ಓಂಕಾರೇಶನಿಗೆ ಫೋನು ಮಾಡಿದಳು. “ನಮ್ ಮಾವ ಹೊರಗೆ ಹೋದ್ರೆ ನೆಟ್ ಹೋಗುತ್ತೆ ಕಣಪ್ಪ.”

“ಅಕ್ಕ, ನಾನು ಹತ್ತು ವರ್ಷದಿಂದ ಈ ಕೆಲ್ಸ ಮಾಡ್ತಿದೀನಿ. ಇಲಿ ಕೇಳಿದೀನಿ, ಇರುವೆ ಕೇಳಿದೀನಿ. ಮಾವ ಕೇಳಿರ್ಲಿಲ್ಲ.”

“ತಮಾಷೆ ಬ್ಯಾಡ. ಬರೆದಿಟ್ಟಿದೀನಿ.”

“ಹಂಗಾದ್ರೆ ಒಂದ್ ಮಾಡಿ. ಮುಂದಿನ ಸಲ ಅವರು ಹೋದಾಗ ಕೆಲ್ಸಕ್ಕೆ ಕೂರ್ಬೇಡಿ, ಕೂಗ್ಬೇಡಿ. ಡಬ್ಬಿ ಮುಂದೆ ನಿಂತಿರಿ. ಕೆಂಪಾದ ತಕ್ಷಣ ವೈರು ಹಿಡ್ಕೊಂಡು ಅದು ಹೋದ ದಾರೀಲೇ ಹೋಗಿ.”

ಶನಿವಾರ ಹತ್ತೂವರೆಗೆ ಅಜ್ಜಯ್ಯ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟರು. ರಘುನಾಥ್ ಆಟೊ ತೆಗೆದುಕೊಂಡು ತರೀಕೆರೆಗೆ ಹೋಗಿದ್ದ. ಹೇಮಾವತಿ ಹೆಡ್‌ಫೋನು ಮುಟ್ಟಲಿಲ್ಲ. ಡಬ್ಬಿಯ ಮುಂದೆ ಮಣೆ ಹಾಕಿಕೊಂಡು ಕೂತಳು.

ಮನೆ ಸುಮ್ಮನಿತ್ತು. ಐದು ನಿಮಿಷಕ್ಕೆ ಪಕ್ಕದ ಹಿತ್ತಲಿಂದ ಸಿದ್ದಪ್ಪನವರ ಹೆಂಡತಿ ಕೆಂಚಮ್ಮನ ದನಿ ಕೇಳಿತು. “ಇಶ್ಶೋ, ಇಶ್ಶೋ, ಹಾಳಾದ್ ಕೋಳಿ!” ಅಡುಗೆಮನೆಯಲ್ಲಿ ಕಾಂತಮ್ಮನ ಬಳೆ ಸದ್ದಾಯಿತು. “ಹೇಮಾ, ಸೊಪ್ಪಿಗೊಂಚೂರು ನೀರ್ ಹಾಕ್ಬತ್ತೀನಿ ಕಣಮ್ಮ” ಎನ್ನುತ್ತಾ ಅವರು ಹಿತ್ತಲಿಗೆ ಹೋದರು.

ಒಂದು ನಿಮಿಷ ಕಳೆದಿರಬಹುದು. ಮೂರನೆಯ ದೀಪ ಆರಿತು, ಕೆಂಪಗೆ ಮಿನುಗತೊಡಗಿತು.

ಕೂಗಲು ಬಾಯಿ ತೆರೆದ ಹೇಮಾವತಿ ತಡೆದುಕೊಂಡಳು. ವೈರು ಡಬ್ಬಿಯಿಂದ ಕಿಟಕಿಯ ಸಂದಿಗೆ ಹೋಗಿತ್ತು. ಹೊರಗೆ ಬಂದು ಕಿಟಕಿಯ ಕೆಳಗೆ ಅದನ್ನು ಬೆರಳಲ್ಲಿ ಹಿಡಿದಳು. ಅದು ಸಂದಿಯ ಗೋಡೆಯಗುಂಟ ಹೋಗಿ, ಬಚ್ಚಲಿನ ಹಿಂದೆ ತಿರುಗಿ, ಹಿತ್ತಲ ಕಾಂಪೌಂಡಿನ ಮೇಲೇರಿ, ಅಲ್ಲಿಂದ ಬೀದಿಯ ಕಂಬಕ್ಕೆ ಹೋಗುತ್ತಿತ್ತು. ಬಚ್ಚಲಿನ ಮೂಲೆ ತಿರುಗುವಾಗಲೇ ಅವಳಿಗೆ ನಗು ಕೇಳಿತು. ಇಬ್ಬರ ನಗು.

ಕಾಂತಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತಿದ್ದರು. ಗೋಡೆಯ ಆ ಕಡೆ ಕೆಂಚಮ್ಮನ ತಲೆ, ಅದರಲ್ಲೊಂದು ಕನಕಾಂಬರ. ಇಬ್ಬರ ನಡುವೆ ಗೋಡೆಯ ಮೇಲೆ ಅಡ್ಡಲಾಗಿ ಒಂದು ಹಲಗೆ, ಹಲಗೆಯ ಮೇಲೆ ರಾಶಿ ಅವರೆಕಾಯಿ. ಒಬ್ಬರು ಸುಲಿದ ಕಾಳು ಇನ್ನೊಬ್ಬರ ಬಟ್ಟಲಿಗೆ ಬೀಳುತ್ತಿತ್ತು. ಕಾಂತಮ್ಮ ಎರಡೂ ಮೊಣಕೈ ಹಲಗೆಗೆ ಊರಿ, ಮೈಯ ಭಾರವನ್ನೆಲ್ಲ ಬಿಟ್ಟು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ಹಲಗೆಯ ಕೆಳಗೆ, ಗೋಡೆಯ ಅಂಚಿನಲ್ಲಿ, ಕರೀ ವೈರು ಕತ್ತು ಮುರಿದ ಹಾಗೆ ಮಡಚಿಕೊಂಡಿತ್ತು.

“ಅತ್ತೆ!”

ಕೆಂಚಮ್ಮನ ತಲೆ ಪುಸಕ್ಕನೆ ಗೋಡೆಯ ಹಿಂದೆ ಇಳಿಯಿತು. ಕಾಂತಮ್ಮ ಹಲಗೆಯನ್ನು ಎದೆಗೆ ಅವುಚಿಕೊಂಡು ತಿರುಗಿದರು. ಅವರೆಕಾಯಿಯೆಲ್ಲ ಕಲ್ಲಿನ ಸುತ್ತ ಚೆಲ್ಲಿತು.

“ಸೊಪ್ಪಿಗೆ...” ಎಂದರು ಕಾಂತಮ್ಮ.

“ನೀರ್ ಹಾಕ್ತಿದೀರಾ?”

ಕಾಂತಮ್ಮ ಕಲ್ಲಿನ ಮೇಲೆಯೇ ಕೂತುಬಿಟ್ಟರು. ಸ್ವಲ್ಪ ಹೊತ್ತಿಗೆ ಗೋಡೆಯ ಹಿಂದಿನಿಂದ ಕೆಂಚಮ್ಮನ ದನಿ ಬಂತು. “ಅವ್ಳನ್ನ ಬಯ್ಬೇಡ ಕಣಮ್ಮ, ಕೋಳಿ ಓಡ್ಸಿದ್ದು ನಾನೇ.”

ಆಗ ಹೇಮಾವತಿಗೆ ತಟ್ಟನೆ ನೆನಪಾಯಿತು. ಆ ಮನೆಯಲ್ಲಿ ಕೋಳಿಯೇ ಇರಲಿಲ್ಲ. ಹನ್ನೊಂದು ವರ್ಷ ಆ “ಇಶ್ಶೋ” ಕೇಳಿದ್ದಳು. ಒಂದು ದಿನವೂ ಯಾವ ಕೋಳಿ ಎಂದು ಯೋಚಿಸಿರಲಿಲ್ಲ. ಸಿದ್ದಪ್ಪ ತೋಟಕ್ಕೆ ಹೊರಟರೆ ಕೆಂಚಮ್ಮ ಕೋಳಿ ಓಡಿಸುತ್ತಿದ್ದರು. ಅಜ್ಜಯ್ಯನೂ ಇಲ್ಲದಿದ್ದರೆ ಕಾಂತಮ್ಮ ಸೊಪ್ಪಿಗೆ ನೀರು ಹಾಕಲು ಹೋಗುತ್ತಿದ್ದರು.

ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ಬಂದವರು. ಕಾಂತಮ್ಮ ಅಮೃತಾಪುರದಿಂದ, ಕೆಂಚಮ್ಮ ಲಿಂಗದಹಳ್ಳಿಯಿಂದ. ಒಬ್ಬರ ಬಾಣಂತನ ಇನ್ನೊಬ್ಬರು ನೋಡಿಕೊಂಡವರು. “ಮರ ಅವರದ್ದು, ಜಗಳ ಅವರದ್ದು. ನಾವ್ಯಾಕ್ ಸುಮ್ನಿರ್ಬೇಕು ಹೇಳು?” ಎಂದರು ಕಾಂತಮ್ಮ. ಮೊದಲು ಗೋಡೆಯ ಮೇಲೆ ಕೈಯೂರಿ ಮಾತಾಡುತ್ತಿದ್ದರಂತೆ. ಮೊಣಕೈ ತರಚುತ್ತದೆ ಎಂದು ಈ ಚಳಿಗಾಲದಲ್ಲಿ ಹಲಗೆ ತಂದಿದ್ದರು. “ವೈರು ಇತ್ತು, ನೋಡಿದೀನಿ. ಬಟ್ಟೆ ಒಣಗಾಕೋ ದಾರ ಅಂದ್ಕೊಂಡಿದ್ದೆ. ನೆಟ್ಟು ಅದರೊಳಗ್ ಬತ್ತದಾ?”

ಹೇಮಾವತಿಗೆ ಸಿಟ್ಟು ಬಂದಿತ್ತು. ಆರು ಫೈಲು, ಈರುಳ್ಳಿ ಸಭೆ, ಅಶ್ವಿನಿಯ ಮಾತು ಎಲ್ಲ ನಾಲಗೆಯ ತುದಿಗೆ ಬಂದಿತ್ತು. ಆದರೆ ಕಲ್ಲಿನ ಮೇಲೆ ಹಲಗೆ ಹಿಡಿದುಕೊಂಡು, ಕದ್ದು ಸಿಕ್ಕಿಬಿದ್ದ ಹುಡುಗಿಯ ಹಾಗೆ ಕೂತಿದ್ದ ಎಪ್ಪತ್ತು ವರ್ಷದ ಅತ್ತೆಯನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಬಗ್ಗಿ ಅವರೆಕಾಯಿ ಆರಿಸತೊಡಗಿದಳು.

“ನಿಮ್ ಮಾವಂಗೆ ಹೇಳ್ಬೇಡ ಕಣೇ.”

“ಹೇಳಲ್ಲ. ಆದ್ರೆ ಆ ಅರ್ಜಿ?”

ಕಾಂತಮ್ಮ ಪಂಚಾಂಗವನ್ನು ಬಚ್ಚಲೊಲೆಗೆ ಹಾಕುವುದಾಗಿ ಹೇಳಿದರು. ಅದು ಬೇಡ, ಓಂಕಾರೇಶನನ್ನು ಕರೆಸಿ ವೈರು ಸರಿಸಿದರೆ ಸಾಕು ಎಂದಳು ಹೇಮಾವತಿ. ನೆಟ್ಟು ನಿಂತರೆ ತಾನೆ ಅರ್ಜಿ.

ಓಂಕಾರೇಶ್ ಭಾನುವಾರವೇ ಬಂದ. ಅಜ್ಜಯ್ಯ ಟೀ ಅಂಗಡಿಯಲ್ಲಿರುವ ಹೊತ್ತಿಗೆ ಬಾ ಎಂದು ಹೇಮಾವತಿ ಹೇಳಿದ್ದಳು. ಆದರೆ ಭಾನುವಾರ ಅಜ್ಜಯ್ಯ ಎಲ್ಲಿಗೂ ಹೋಗುವುದಿಲ್ಲ ಎಂಬುದು ಅವಳದೇ ನೋಟ್‌ಬುಕ್ಕಿನಲ್ಲಿದ್ದರೂ ಗಡಿಬಿಡಿಯಲ್ಲಿ ಮರೆತಿದ್ದಳು. ಏಣಿ ಕಂಡದ್ದೇ ಅಜ್ಜಯ್ಯ ಕೋಲು ಹಿಡಿದು ಹಿತ್ತಲಿಗೆ ಬಂದರು. ಗೋಡೆಯ ಅಂಚಿನಲ್ಲಿ ವೈರು ಮಡಚಿದ ಗುರುತನ್ನು ಓಂಕಾರೇಶ್ ಬೆರಳಲ್ಲಿ ಸವರುತ್ತಾ, ಹೇಮಾವತಿ ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದರೂ ಕಾಣದೆ, “ಇಲ್ಲಿ ಯಾರೋ ಏನೋ ಇಟ್ಟು ಒತ್ತಿದಾರೆ ಅಜ್ಜಾರೇ” ಎಂದುಬಿಟ್ಟ.

“ಸಿದ್ದಪ್ಪಾ!” ಎಂದು ಅಜ್ಜಯ್ಯ ಗುಡುಗಿದರು. ಹನ್ನೊಂದು ವರ್ಷದಲ್ಲಿ ಆ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಸಿದ್ದಪ್ಪ ಬನಿಯನ್ನಿನಲ್ಲೇ ಬಂದು ಗೋಡೆಯ ಆ ಕಡೆ ನಿಂತರು. ಎತ್ತರದ ಆಳು, ಎದೆಯ ತನಕ ಕಾಣುತ್ತಿದ್ದರು. “ಏನಂತೆ?”

“ನಮ್ ವೈರ್ ಯಾಕ್ ಒತ್ತಿದೀಯ?”

“ನಿನ್ ವೈರ್ ಒತ್ತೋಕೆ ನಂಗೇನ್ ಹುಚ್ಚಾ? ನಿನ್ ಕಡೆಯಿಂದ್ಲೇ ಯಾರೋ ಒತ್ತಿದಾರೆ.”

“ನಮ್ ಕಡೆ ಯಾರೋ ಒತ್ತೋರು? ನಾನ್ ಒತ್ತುದ್ನಾ?”

“ನೀನಂತೂ ಅಲ್ಲ ಬಿಡು. ನಿಂಗೆ ಆ ಕಲ್ ಹತ್ತೋಕೆಲ್ಲಾಗುತ್ತೆ, ಎಡಗಾಲ್ ಮಂಡಿಗೆ ದೀಪಾವಳಿಯಿಂದ ಎಣ್ಣೆ ತಿಕ್ಕಿಸ್ಕೊಳ್ತಾ ಕೂತಿದೀಯ.”

ಮಂಡಿ ನೋವಿನ ವಿಷಯ ಅಜ್ಜಯ್ಯ ಮಗನಿಗೂ ಹೇಳಿರಲಿಲ್ಲ. ಆದರೂ ಸೋಲಲಿಲ್ಲ. “ನೀನೇನ್ ಭಾರೀ ಗಟ್ಟಿಗ! ಹೊಸಾ ಹಲ್ಲಿನ ಸೆಟ್ ಕಟ್ಟಿಸ್ಕೊಂಡು ರೊಟ್ಟಿ ಕಚ್ಚೋಕಾಗ್ದೆ ಹಾಲಲ್ ಅದ್ದಿ ತಿಂತೀಯಂತೆ!”

ಸಿದ್ದಪ್ಪನ ಕೈ ತಾನಾಗೇ ಬಾಯಿ ಮುಚ್ಚಿಕೊಂಡಿತು. ಓಂಕಾರೇಶ್ ಏಣಿಯ ಮೇಲೆ ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡಿದ.

“ನಿಂಗ್ ಹೆಂಗೊತ್ತು?” ಎಂದರು ಸಿದ್ದಪ್ಪ, ಕೈ ತೆಗೆಯದೆ.

“ನಿಂಗ್ ಹೆಂಗೊತ್ತು?” ಎಂದರು ಅಜ್ಜಯ್ಯ.

ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು. ಅಜ್ಜಯ್ಯ ಮೆಲ್ಲಗೆ ಹಿಂದೆ ತಿರುಗಿದರು. ಬಚ್ಚಲ ಬಾಗಿಲಲ್ಲಿ ಕಾಂತಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಗೋಡೆಯ ಆ ಕಡೆ ಕೆಂಚಮ್ಮ, “ರೀ, ರೊಟ್ಟಿ ಆರೋಗುತ್ತೆ ಬನ್ರೀ” ಎಂದು ಒಳಗಿಂದಲೇ ಕರೆದರು.

“ಎಷ್ಟ್ ದಿನದಿಂದ?” ಎಂದು ಅಜ್ಜಯ್ಯ ಕೇಳಿದರು.

“ಗೋಡೆ ಕಟ್ಟಿದ್ ಮಾರನೇ ದಿನದಿಂದ” ಎಂದರು ಕಾಂತಮ್ಮ. “ಹಿಂದಿನ್ ದಿನಾನೇ ಮಾತಾಡ್ಬೇಕಿತ್ತು, ಸಿಮೆಂಟ್ ಹಸಿ ಇತ್ತು.”

ಓಂಕಾರೇಶನಿಗೆ ನಗು ಬಂದು ಬಾಯಲ್ಲಿದ್ದ ಕ್ಲಿಪ್ಪುಗಳೆಲ್ಲ ಕೆಳಗೆ ಉದುರಿದವು. ಅಜ್ಜಯ್ಯ ಅವನನ್ನು ದುರುಗುಟ್ಟಿ ನೋಡಿ, ಕೋಲು ಊರಿಕೊಂಡು, ಎಡಗಾಲು ಎಳೆಯದ ಹಾಗೆ ಬಹಳ ಜಾಗ್ರತೆಯಿಂದ ಒಳಗೆ ಹೋದರು. ಓಂಕಾರೇಶ್ ವೈರನ್ನು ಗೋಡೆಯಿಂದ ಇಳಿಸಿ, ಪೈಪಿನೊಳಗೆ ಹಾಕಿ, ಮನೆಯ ಮುಂದಿನ ಕಡೆಯಿಂದ ಕಂಬಕ್ಕೆ ಕೊಟ್ಟ. ಡಬ್ಬಿಯಲ್ಲಿ ಹಸಿರು ದೀಪ ನಿಂತಿತು.

ಆಮೇಲೆ ಇಬ್ಬರು ಮುದುಕರೂ ರಾಜಿಯಾದರು ಎಂದೇನಿಲ್ಲ. ಅಜ್ಜಯ್ಯ ಎರಡು ದಿನ ಹೆಂಡತಿಯ ಜತೆ ಮಾತು ಬಿಟ್ಟರು. ಮೂರನೆಯ ದಿನ ಮಂಡಿಗೆ ಎಣ್ಣೆ ತಿಕ್ಕುವವರಿಲ್ಲದೆ ಮಾತಾಡಿದರು. ಸೋಮವಾರ ಬಂತು, ಹೋಯಿತು. ಅವರು ಠಾಣೆಯ ಮಾತೇ ಎತ್ತಲಿಲ್ಲ. ಸಿದ್ದಪ್ಪ ಈಗ ಎದುರು ಸಿಕ್ಕರೆ ನಿಲ್ಲುವುದಿಲ್ಲ, ಆದರೆ ಮುಂಚಿನ ಹಾಗೆ ರಸ್ತೆ ದಾಟಿ ಆ ಕಡೆಯೂ ಹೋಗುವುದಿಲ್ಲ. ಕಾಂತಮ್ಮ ಮತ್ತು ಕೆಂಚಮ್ಮ ಮುಂದಿನ ಬಾಗಿಲಿಂದಲೇ ಓಡಾಡುತ್ತಾರೆ. ಜಗುಲಿಯ ಮೇಲೆ ಕೂತು, ಎಲ್ಲರಿಗೂ ಕಾಣುವ ಹಾಗೆ ಕಾಫಿ ಕುಡಿಯುತ್ತಾರೆ. ಮೊದಲ ವಾರ ಕೆಂಚಮ್ಮ, “ಯಾಕೋ ಮೊದ್ಲಿನಷ್ಟು ಮಾತೇ ಹೊರಡಲ್ಲ ಕಣೇ ಕಾಂತಿ. ಯಾರೂ ಬಯ್ಯೋರಿಲ್ಲ ನೋಡು” ಎಂದು ಬೇಜಾರು ಮಾಡಿಕೊಂಡರಂತೆ. ಎರಡನೆಯ ವಾರಕ್ಕೆ ಅದು ಸರಿಹೋಯಿತು.

ಹೇಮಾವತಿಯ ಹೆಸರು ಪಟ್ಟಿಯಲ್ಲಿ ಉಳಿಯಿತು. ಫೆಬ್ರವರಿಯಲ್ಲಿ ಹೊಸದಾಗಿ ಸೇರಿದ ನಾಲ್ಕು ಜನರ ಬರಹ ತಿದ್ದುವ ಕೆಲಸವನ್ನೂ ಅಶ್ವಿನಿ ಅವಳಿಗೇ ಕೊಟ್ಟಳು. ನೆಟ್ಟು ಅದಾದ ಮೇಲೂ ಒಂದು ಸಲ ಹೋಯಿತು, ಮೇನ್ ರೋಡಿನಲ್ಲಿ ಹುಲ್ಲು ಹೇರಿದ ಲಾರಿಯೊಂದು ಕಂಬದ ವೈರನ್ನೇ ಎಳೆದುಕೊಂಡು ಹೋದಾಗ. ಆ ಸಲ ಇಡೀ ಬೀದಿಗೇ ಇರಲಿಲ್ಲವಾದ್ದರಿಂದ ಅವಳು ಕೂಗಲೂ ಇಲ್ಲ, ನೋಟ್‌ಬುಕ್ಕಿನಲ್ಲಿ ಬರೆಯಲೂ ಇಲ್ಲ. ಊಟ ಮಾಡಿ ಮಲಗಿದಳು.

ಕೆಲವು ದಿನ ಕಳೆದು ಓಂಕಾರೇಶ್ ಬೇರೆ ಯಾರದೋ ಮನೆಗೆ ಬಂದವನು ಇವರ ಮನೆಗೂ ಇಣುಕಿದ. ಟೀ ಅಂಗಡಿಯಲ್ಲಿ ಅಜ್ಜಯ್ಯ ಈ ಕತೆಯನ್ನು ಹೇಳುತ್ತಿದ್ದುದನ್ನು ಕೇಳಿಕೊಂಡು ಬಂದಿದ್ದ. ಅವರ ಕತೆಯಲ್ಲಿ ಲೈನಿನವನಿಗೂ ತಿಳಿಯದ, ಕಡೂರಿನ ಕಂಪ್ಯೂಟರ್ ಅಂಗಡಿಯವನಿಗೂ ತಿಳಿಯದ ತೊಂದರೆಯನ್ನು ಅವರು ಒಂದು ಕುರ್ಚಿ, ಒಂದು ಕೋಲು ಇಟ್ಟುಕೊಂಡು ಒಂದೇ ದಿನದಲ್ಲಿ ಪತ್ತೆ ಹಚ್ಚಿದ್ದರು.

“ಸೊಸೆ ಏನ್ ಮಾಡಿದ್ಲು ಅಂತ ಯಾರೋ ಕೇಳಿದ್ರು ಅಕ್ಕ. ‘ಪಾಪ, ಅವಳು ಗಾಬ್ರಿ ಬಿದ್ದು ಕೂಗ್ತಿದ್ಲು’ ಅಂದ್ರು.”

ಹೇಮಾವತಿಗೆ ಅವತ್ತು ಹೊಸ ಹುಡುಗಿಯೊಬ್ಬಳು ಕಳಿಸಿದ್ದ ಹದಿನೆಂಟು ಪುಟ ತಿದ್ದುವುದಿತ್ತು. ಪುಟಕ್ಕೆ ಹತ್ತು ತಪ್ಪು. “ಕೂಗಿದ್ದು ನಿಜ ತಾನೆ” ಎಂದು, ಓಂಕಾರೇಶನಿಗೆ ಕಾಫಿ ಕೊಡಿರೆಂದು ಅತ್ತೆಗೆ ಹೇಳಿ, ಹೆಡ್‌ಫೋನು ಕಿವಿಗೆ ಹಾಕಿಕೊಂಡಳು.